ಹಸಿರು ಗಂಜಿ

ಶಿಡ್ಲಘಟ್ಟದ ಹೊಸ ಬಡಾವಣೆಯಲ್ಲಿ ಎರಡು ಸೈಟು,
ಒಂದರಲ್ಲಿ ಮನೆ, ಇನ್ನೊಂದರಲ್ಲಿ
ಜೆಸಿಬಿ ಕೆದರಿ ಬಿಟ್ಟ ಕೆಮ್ಮಣ್ಣು.
ಅಲ್ಲಿ ಕೋಣೆ ಬೇಡ, ಬಾಡಿಗೆ ಅಂಗಡಿ ಬೇಡ,
ಹುಲ್ಲು ಬೇಕು ಅಂದೆ.
ದಸ್ತಗೀರ್ ನನ್ನ ಮುಖ ನೋಡಿದರು,
ಹರಾಜಿನಲ್ಲಿ ಲಾಟಿನ ಮುಂದೆ ನಿಂತು
ಒಂದು ಗೂಡನ್ನು ಕಿವಿಯ ಹತ್ತಿರ ಅಲುಗಿಸಿ
ಒಳಗಿನ ಹುಳು ಹೇಗಿದೆಯೋ ಅನ್ನುತ್ತಾರಲ್ಲ, ಹಾಗೆ.

ಇಪ್ಪತ್ತಾರು ವರ್ಷ ಬಿಸಿನೀರಲ್ಲಿ ಕೈಯಿಟ್ಟವಳು ನಾನು.
ಕುದಿಯುವ ಬಟ್ಟಲಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಬೆರಳ ತುದಿ ಬೆಂದು, ಬಿಳಿಚಿ,
ಈಗ ರೊಟ್ಟಿಯ ಬಿಸಿ ತಿಳಿಯುವುದಿಲ್ಲ,
ಮಗುವಿನ ಹಣೆಯ ಜ್ವರವೂ.
ಕಾಲಿಗಾದರೂ ಒಂದು ಮೆತ್ತನೆಯದು ಇರಲಿ ಅನ್ನಿಸಿತ್ತು.
ಅಷ್ಟೇ.

ವಿಜಯಪುರದಿಂದ ಮುನಿಶಾಮಿ ಬಂದ.
ಟೆಂಪೋ ಮೇಲೊಂದು ಟ್ಯಾಂಕು, ಒಳಗೆ ತಿರುಗುವ ರೆಕ್ಕೆ.
ನೀರು, ರದ್ದಿ ಕಾಗದದ ಹಿಟ್ಟು, ಗೊಬ್ಬರ, ಅಂಟು, ಬೀಜ,
ಕೊನೆಗೊಂದು ಡಬ್ಬಿ ಹಸಿರು ಬಣ್ಣ.
"ಬಣ್ಣ ಯಾಕಪ್ಪ?"
"ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ,
ಕಣ್ಣಿಗೆ ಕಾಣಬೇಕಲ್ಲಕ್ಕಾ."
ಅಂಟು ಮೂಸಿ ನೋಡಿದೆ.
ಗೂಡಿನ ಅಂಟು ಬಿಡಿಸುವುದು ನನ್ನ ಕಸುಬು;
ಹಿಡಿಸುವುದಕ್ಕೂ ಒಂದು ಕಸುಬಿದೆ ಅಂತ
ಅವತ್ತೇ ಗೊತ್ತಾದದ್ದು.

ಪೈಪು ಕೆಮ್ಮಿತು, ಉಗುಳಿತು,
ರಾಗಿ ಅಂಬಲಿಯಷ್ಟು ಮಂದ, ಗಿಳಿಯಷ್ಟು ಹಸಿರು.
ನೆಲಕ್ಕೆ, ಕಲ್ಲುಚಪ್ಪಡಿಯ ಬೇಲಿಗೆ, ನೀರಿನ ಮೀಟರಿಗೆ,
ಬೇಲಿಯ ಸಂದಿಯಿಂದ ಇಣುಕುತ್ತಿದ್ದ
ಪಿಳ್ಳಮ್ಮನ ಬಿಳಿ ಮೇಕೆಯ ಅರ್ಧ ಗಡ್ಡಕ್ಕೆ.
ಪಿಳ್ಳಮ್ಮ ಬೈಯಲೆಂದೇ ಬಂದವಳು
ಚೀಲದ ಮೇಲಿನ ಚಿತ್ರ ನೋಡಿ ನಿಂತಳು.
"ಇದು ಗರಿಕೆ ಕಣೇ!
ರೇಷ್ಮೆ ತೋಟದಲ್ಲಿ ಇದನ್ನ ಕಿತ್ತೂ ಕಿತ್ತೂ
ಸೊಂಟ ಬಿದ್ದೋಯ್ತು ನಂದು.
ಕೀಳೋಕೆ ನಂಗೆ ಕೂಲಿ ಕೊಡ್ತಾರೆ,
ಹಾಕೋಕೆ ನೀನು ದುಡ್ಡು ಕೊಡ್ತೀಯಾ?"
ನಗು ತಡೆಯಲಾರದೆ ಚಪ್ಪಡಿ ಹಿಡಿದುಕೊಂಡಳು,
ಅವಳ ಕೈಯೂ ಹಸಿರಾಯಿತು.

ಯಾರೂ ತುಳಿಯಬಾರದು ಅಂತ ಎರಡೆರಡು ಸಲ ಹೇಳಿ
ಟೆಂಪೋ ಹತ್ತಿದ ಮುನಿಶಾಮಿ ಇಳಿದು ಬಂದ.
ಫೋನು ಆಚೆ ಮೂಲೆಯ ಕಲ್ಲಿನ ಮೇಲಿತ್ತು.
ನಾವು ಮೂವರೂ ನೋಡುತ್ತಿರುವಾಗಲೇ
ಹಸಿ ಗಂಜಿಯಲ್ಲಿ ಬೂಟು ಹೂತು ಹೂತು ಹೋದ,
ಹಾಗೇ ಬಂದ.
"ಹದಿನಾಲ್ಕು ಹೆಜ್ಜೆ" ಅಂದರು ದಸ್ತಗೀರ್,
ಹದಿನಾಲ್ಕು ಹೆಜ್ಜೆಯ ದುಡ್ಡು ಹಿಡಿದೇ ಕೊಟ್ಟರು.

ದಿನಕ್ಕೆ ನಾಲ್ಕು ಸಲ ನೀರು, ಮಂಜಿನ ಹಾಗೆ.
ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳಿಗೆ
ಇದು ಹೊಸದಲ್ಲ:
ಸೊಪ್ಪು ಹಾಕು, ಕಾಯಿ, ಸೊಪ್ಪು ಹಾಕು.
ಮೂರನೇ ದಿನ ಬಣ್ಣ ಮಾಸಿತು.
ಐದನೇ ದಿನ ಕರೆಂಟಿಲ್ಲ, ಮೋಟಾರಿಲ್ಲ;
ಗಂಜಿ ಒಣಗಿ, ಬಿರಿದು,
ಹಳೇ ಗೋಡೆಯ ಸುಣ್ಣದ ಹಾಗೆ ಎದ್ದಿತು.
ಜ್ವರಕ್ಕೆ ಕೂತಿದೆ ಅಂದುಕೊಂಡೆ.
ಜ್ವರಕ್ಕೆ ಕೂತ ಹುಳು ತಲೆಯೆತ್ತಿ
ಅಲ್ಲಾಡದೆ ಇರುತ್ತದೆ,
ಸತ್ತಿದೆ ಅನ್ನಬಾರದು.

ಒಂಬತ್ತನೇ ಬೆಳಿಗ್ಗೆ ಮೊಳೆತಿತ್ತು.
ಎಲ್ಲ ಕಡೆ ಅಲ್ಲ.
ನೀರು ನಿಂತ ಕಡೆ ಮಾತ್ರ, ಅಂದರೆ
ಮುನಿಶಾಮಿಯ ಬೂಟಿನ ಗುರುತುಗಳಲ್ಲಿ.
ಏಳು ಹೋದವು, ಏಳು ಬಂದವು,
ಕೂದಲೆಳೆಯಂಥ ಹಸಿರು ತುಂಬಿಕೊಂಡು;
ಫೋನು ಮರೆತ ಹುಡುಗನೊಬ್ಬ
ಕೆಮ್ಮಣ್ಣಿನ ಮೇಲೆ ಇನ್ನೂ ನಡೆಯುತ್ತಲೇ ಇದ್ದ.

ಬೆರಳಿಟ್ಟೆ. ಏನೂ ತಿಳಿಯಲಿಲ್ಲ.
ಕಾಲಿಡಲು ಮನಸ್ಸು ಬರಲಿಲ್ಲ.
ಮೊಣಕಾಲೂರಿ, ಬಗ್ಗಿ, ಕೆನ್ನೆ ಇಟ್ಟೆ.
ತಣ್ಣಗೆ. ಚುಚ್ಚಿಯೂ ಚುಚ್ಚದ ಹಾಗೆ,
ಮದುವೆಯಾದ ಮೂರನೇ ದಿನದ
ದಸ್ತಗೀರರ ಗಲ್ಲ.

ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತವರು
"ಪಶ್ಚಿಮ ಆ ಕಡೆ" ಅಂದರು.
"ಗೊತ್ತು" ಅಂದೆ. ಏಳಲಿಲ್ಲ.
ಬೇಲಿಯ ಸಂದಿಯಲ್ಲಿ ಅರ್ಧ ಹಸಿರು ಗಡ್ಡವೊಂದು
ಮೆಲುಕು ಹಾಕುತ್ತ ಕಾಯುತ್ತಿತ್ತು.